ಆರುನೂರು ಗಜದ ಗುರಿ: ಮಾಜಿ ಸೈನಿಕರ ಬಳಿ ಎರಡು ದಿನ

ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದ ನನಗೆ ಕೋವಿ ಹೊಸದಲ್ಲ. ಆದರೂ ಒಹಾಯೊದ ನಮ್ಮೂರಿನ ರೈಫಲ್ ಕ್ಲಬ್ಬಿನಲ್ಲಿ ಅಮೆರಿಕ ಸೇನೆಯ ನಿವೃತ್ತ ಗುರಿಕಾರರು ನಡೆಸುವ ಎರಡು ದಿನಗಳ ತರಬೇತಿಗೆ ಸೇರಿದಾಗ, ಈವರೆಗೆ ಕಲಿತದ್ದು ಅರ್ಧ ವಿದ್ಯೆ ಎಂಬುದು ಮೊದಲ ಗಂಟೆಯಲ್ಲೇ ಮನದಟ್ಟಾಯಿತು.

ಮೊದಲ ದಿನ ಮಧ್ಯಾಹ್ನದವರೆಗೆ ಒಂದು ತೋಟೆಯನ್ನೂ ಕೈಗೆ ಕೊಡಲಿಲ್ಲ. ಕೊಟ್ಟದ್ದು ನೋಟ್‌ಬುಕ್ಕು ಮತ್ತು ಪೆನ್ಸಿಲು. 100 ಗಜದ ಗುರಿಗೆ ಹೊಂದಿಸಿದ .308 (ಗುಂಡಿನ ವ್ಯಾಸ ಇಂಚಿನಲ್ಲಿ) ರೈಫಲ್ಲಿನಿಂದ ಹೊರಟ 175 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು 600 ಗಜ ಮುಟ್ಟುವಷ್ಟರಲ್ಲಿ ದೃಷ್ಟಿರೇಖೆಗಿಂತ ಸುಮಾರು ಎಂಟು ಅಡಿ ಕೆಳಗಿಳಿದಿರುತ್ತದೆ. ಈ ಇಳಿತವನ್ನು ಲೆಕ್ಕ ಹಾಕಿ, ಗುರಿ ನೋಡಲು ರೈಫಲ್ಲಿನ ಮೇಲೆ ಕೂರಿಸಿದ ಸ್ಕೋಪಿನ ತಿರುಗಣೆಯಲ್ಲಿ ಸರಿಪಡಿಸಬಹುದು. ಗಂಟೆಗೆ 10 ಮೈಲಿಯ ಅಡ್ಡಗಾಳಿ ಅದೇ ಗುಂಡನ್ನು ಸುಮಾರು ಎರಡೂವರೆ ಅಡಿ ಪಕ್ಕಕ್ಕೆ ತಳ್ಳುತ್ತದೆ, ಮತ್ತು ಗಾಳಿ ನಮ್ಮ ಕೋಷ್ಟಕಕ್ಕಾಗಿ ಕಾಯುವುದಿಲ್ಲವಾದ್ದರಿಂದ ಅದನ್ನು ಕಣ್ಣಿನಿಂದಲೇ ಓದಬೇಕು.

ಈ ಓದನ್ನು ಕಲಿಸುವುದರಲ್ಲಿ ಆ ಹಿರಿಯರಿಗೆ ಸಾಟಿಯಿಲ್ಲ. ಒಬ್ಬರು ದುರ್ಬೀನಿನ ಫೋಕಸ್ಸನ್ನು ಗುರಿಹಲಗೆಗಿಂತ ತುಸು ಈಚೆಗೆ ಎಳೆದರು. ಹಲಗೆ ಮಸುಕಾಗಿ, ನೆಲದ ಕಾವಿನ ಅಲೆಗಳು ಸ್ಪಷ್ಟವಾದವು. ನಮ್ಮ ಬಿಸಿಲ್ಗುದುರೆಯೇ ಅದು. ಅಲೆಗಳು ಕುದಿಯುವ ನೀರಿನಂತೆ ನೆಟ್ಟಗೆ ಏರುತ್ತಿದ್ದರೆ ಅಡ್ಡಗಾಳಿ ಇಲ್ಲವೆಂದೂ, ಓರೆಯಾದಷ್ಟೂ ಗಾಳಿ ಬಲವಾಗುತ್ತಿದೆಯೆಂದೂ ವಿವರಿಸಿದರು. ಪ್ರತಿ ಗುಂಡಿಗೂ ಮುನ್ನ ಗಾಳಿಯ ಅಂದಾಜನ್ನು ಗಟ್ಟಿಯಾಗಿ ಹೇಳಿಸಿ, ಗುಂಡು ಎಲ್ಲಿ ಬಿತ್ತೆಂದು ನೋಡುವ ಮೊದಲೇ ಎಲ್ಲಿ ಬಿದ್ದಿರಬಹುದೆಂದು ಬರೆಸುತ್ತಿದ್ದರು. ನನ್ನ ಮೊದಲ ಐದು ಊಹೆಗಳಲ್ಲಿ ನಾಲ್ಕು ತಪ್ಪು. ಎರಡನೆಯ ದಿನ ಸಂಜೆ, ಅಲೆಗಳು ನೆಟ್ಟಗಾಗುವುದನ್ನು ಕಾದು ಹೊಡೆದ ಮೂರು ಗುಂಡುಗಳು ಅಂಗೈಯಷ್ಟು ಜಾಗದಲ್ಲಿ ಕೂತವು.

ಕೊರತೆಗಳಿಲ್ಲದೆ ಇಲ್ಲ. ಹದಿನಾಲ್ಕು ಜನಕ್ಕೆ ಮೂರೇ ದುರ್ಬೀನುಗಳಿದ್ದವು. ಅದಕ್ಕಿಂತ ಕಿರಿಕಿರಿಯೆಂದರೆ, ಬೋಧಕರು ಸೇನೆಯ ರೂಢಿಯಂತೆ ಮಿಲ್ ಎಂಬ ಕೋನದ ಅಳತೆಯಲ್ಲಿ ತಿದ್ದುಪಡಿ ಹೇಳಿದರೆ, ಕ್ಲಬ್ಬಿನ ಬಾಡಿಗೆ ರೈಫಲ್ಲುಗಳ ಸ್ಕೋಪುಗಳಲ್ಲಿ ಮಿನಿಟ್ ಎಂಬ ಇನ್ನೊಂದು ಕೋನದ ಅಳತೆಯ ಗುರುತುಗಳಿದ್ದವು. 100 ಗಜದಲ್ಲಿ ಒಂದು ಮಿಲ್ ಎಂದರೆ 3.6 ಇಂಚು, ಒಂದು ಮಿನಿಟ್ ಎಂದರೆ ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಹೊಟ್ಟೆಯಡಿಯಾಗಿ ಮಲಗಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಷ್ಟರಲ್ಲಿ ಗಾಳಿಯೇ ಬದಲಾಗಿರುತ್ತಿತ್ತು. ಊಟದ ಬಿಡುವಿನ ಯುದ್ಧಕಥೆಗಳೂ ಕೊಂಚ ಉದ್ದವಾದವು, ಆದರೆ ಅದಕ್ಕೆ ನನ್ನ ತಕರಾರಿಲ್ಲ.

ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರು ಹೆಸರು ನೋಂದಾಯಿಸುವ ಮುನ್ನ ಕಾನೂನು ತಿಳಿದುಕೊಳ್ಳಬೇಕು: ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳಿಲ್ಲದೆ ಅಂಥವರು ಬಂದೂಕು ಹಿಡಿಯುವುದಕ್ಕೆ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ನಿಷೇಧವಿದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಹೋಗುವವರು ಸಾಧ್ಯವಾದರೆ ಸ್ವಂತ ದುರ್ಬೀನನ್ನು ಕೊಂಡೊಯ್ಯಲಿ, ಬಾಡಿಗೆ ರೈಫಲ್ಲನ್ನು ಆರಿಸುವಾಗ ಸ್ಕೋಪಿನಲ್ಲಿರುವುದು ಮಿಲ್ಲೋ ಮಿನಿಟ್ಟೋ ಎಂದು ಮೊದಲೇ ಕೇಳಿಕೊಳ್ಳಲಿ.