ಹಳೆಯ ಫಿನ್‌ಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿ: ಒಂದು ಹಂಗಾಮಿನ ಬಳಕೆಯ ನಂತರ

ಸ್ಕೂಬಾ ಡೈವಿಂಗ್‌ನಲ್ಲಿ ಕಾಲಿಗೆ ತೊಡುವ ಈಜುರೆಕ್ಕೆ, ಅಂದರೆ ಫಿನ್, ಹಳೆಯದಾದಾಗ ಮೊದಲು ಕೈಕೊಡುವುದು ಹಿಮ್ಮಡಿಯನ್ನು ಹಿಡಿದಿಡುವ ರಬ್ಬರ್ ಪಟ್ಟಿ. ಎಂಟು ವರ್ಷ ಬಳಸಿದ ನನ್ನ ಫಿನ್‌ಗಳ ಅಲಗು ಇಂದಿಗೂ ಗಟ್ಟಿಯಾಗಿದೆ. ಆದರೆ ಕಳೆದ ಮಳೆಗಾಲ ಮುಗಿದ ಮೇಲೆ, ನೇತ್ರಾಣಿ ದ್ವೀಪಕ್ಕೆ ಹೊರಡುವ ಮುನ್ನ ಕುವೆಂಪುನಗರದ ಮನೆಯಲ್ಲಿ ಅವನ್ನು ಹೊರತೆಗೆದು, ಪಟ್ಟಿಯನ್ನು ಬಕಲ್‌ನ ಬಳಿ ಬಗ್ಗಿಸಿ ನೋಡಿದಾಗ, ಮೇಲ್ನೋಟಕ್ಕೆ ಕಾಣದಿದ್ದ ಸೀಳುಗಳು ಬೇಸಿಗೆಯ ಕೆರೆಯಂಗಳದಂತೆ ಬಾಯ್ಬಿಟ್ಟವು. ಫಿನ್‌ಗಳನ್ನು ಪಟ್ಟಿಯಿಂದಲೇ ಮೊಳೆಗೆ ನೇತುಹಾಕಿದ್ದು ನನ್ನ ತಪ್ಪು. ಎಳೆತದಲ್ಲಿರುವ ರಬ್ಬರನ್ನು ಗಾಳಿಯಲ್ಲಿನ ಓಝೋನ್ ಸೀಳುತ್ತದೆ. ಅಂಥ ಪಟ್ಟಿ ಸಮುದ್ರದ ಸೆಳವಿನ ನಡುವೆ ಹರಿದರೆ ಒಂದೇ ಕಾಲಿನಲ್ಲಿ ಈಜಬೇಕಾಗುತ್ತದೆ.

ಮೈಸೂರಿನಲ್ಲಿ ನಾನು ವಿಚಾರಿಸಿದ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಈಜುಕನ್ನಡಕ ಸಿಕ್ಕಿತೇ ಹೊರತು ಫಿನ್‌ನ ಪಟ್ಟಿ ಸಿಗಲಿಲ್ಲವಾದ್ದರಿಂದ, 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಸ್ಪ್ರಿಂಗ್ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಈ ಉಕ್ಕಿನಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪುನೀರನ್ನು ಅದು ಸಾಮಾನ್ಯ 304ಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಮಾರಾಟಗಾರರು ಪಾದರಕ್ಷೆಯ ಸಂಖ್ಯೆಯನ್ನಷ್ಟೇ ಕೇಳಿದ್ದರಿಂದ ಮೊದಲ ಜೋಡಿ ಸಡಿಲವಾಗಿ, ಹಿಂದಿರುಗಿಸಬೇಕಾಯಿತು. ಬೂಟಿ (ಫಿನ್‌ನೊಳಗೆ ತೊಡುವ ಮೆತ್ತನೆಯ ಬೂಟು) ತೊಟ್ಟ ಕಾಲನ್ನು ಫಿನ್‌ನೊಳಗೆ ಇಟ್ಟು, ದರ್ಜಿಯ ಟೇಪನ್ನು ಪಟ್ಟಿ ಸಿಕ್ಕಿಸುವ ಒಂದು ಬದಿಯ ಗುಬುಟಿನಿಂದ ಹಿಮ್ಮಡಿಯನ್ನು ಬಳಸಿ ಇನ್ನೊಂದು ಬದಿಯ ಗುಬುಟಿನವರೆಗೆ ಹಿಡಿದು ಅಳೆಯುವುದೇ ಸರಿಯಾದ ಕ್ರಮ; ಎಳೆಯದೆ ಬಿಟ್ಟ ಸ್ಪ್ರಿಂಗ್ ಆ ಅಳತೆಗಿಂತ ಗಿಡ್ಡವಿರಬೇಕು.

ಹೊಸ ಪಟ್ಟಿಯ ಹಿಮ್ಮಡಿಯ ಮೆತ್ತೆ ತೆಳುವಾಗಿತ್ತು. ಹಳೆಯ ಪಟ್ಟಿಯ ದಪ್ಪ ಮೆತ್ತೆಯನ್ನು ಬಿಡಿಸಿಕೊಂಡು ದೇವರಾಜ ಮಾರುಕಟ್ಟೆಯ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ, "ನೀರಿಗೆ ಇಳಿಯೋದಾ ಸ್ವಾಮಿ? ಹಂಗಾದ್ರೆ ನೂಲಿನ ದಾರ ಬ್ಯಾಡ, ಕೊಳೀತದೆ" ಎಂದು ನೈಲಾನ್ ದಾರದಲ್ಲಿ ಎರಡು ಸಾಲು ಹೊಲಿದುಕೊಟ್ಟರು. ಆ ಹೊಲಿಗೆಯ ಒಂದು ಎಳೆಯೂ ಇದುವರೆಗೆ ಬಿಚ್ಚಿಲ್ಲ.

ಮುರುಡೇಶ್ವರದಿಂದ ಹೊರಟ ದೋಣಿ ನೇತ್ರಾಣಿಯ ಬಳಿ ಅಲೆಗೆ ಹೊಯ್ದಾಡುವಾಗ, ಹಿಂದೆಲ್ಲ ಬಕಲ್ ಬಿಗಿಯಲು ಪಕ್ಕದವರ ನೆರವು ಬೇಕಾಗುತ್ತಿತ್ತು. ಈಗ ಒಂದು ಕೈಯಲ್ಲಿ ದೋಣಿಯ ಅಂಚನ್ನು ಹಿಡಿದುಕೊಂಡೇ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಿಂದಿನ ಕುಣಿಕೆಯನ್ನು ಎಳೆದರೆ ಸಾಕು. ಆಳಕ್ಕೆ ಇಳಿದಂತೆ ಬೂಟಿಯ ನಿಯೋಪ್ರೀನ್ ಎಂಬ ಗಾಳಿಗುಳ್ಳೆ ತುಂಬಿದ ರಬ್ಬರ್ ಒತ್ತಡಕ್ಕೆ ಕುಗ್ಗಿದಾಗಲೂ ಸ್ಪ್ರಿಂಗ್ ತಾನಾಗಿ ಬಿಗಿದುಕೊಳ್ಳುವುದು ನನಗೆ ಅತ್ಯಂತ ಮೆಚ್ಚುಗೆಯಾದ ಗುಣ.

ಕೊರತೆಗಳೂ ಇವೆ. ಫಿನ್ ಸ್ವಲ್ಪ ಭಾರವಾಗುತ್ತದೆ, ಅಳತೆಯನ್ನು ಹೆಚ್ಚುಕಡಿಮೆ ಮಾಡಲಾಗದ ಕಾರಣ ಬೇರೆಯವರಿಗೆ ಕೊಡಲಾಗದು, ಸುರುಳಿಗಳ ನಡುವೆ ಮರಳು ಸಿಕ್ಕಿಕೊಳ್ಳುವುದರಿಂದ ಪ್ರತಿ ಬಾರಿಯೂ ಸಿಹಿನೀರಿನಲ್ಲಿ ಎಳೆದೆಳೆದು ತೊಳೆಯಬೇಕು.

ಹಳೆಯ ಬಕಲ್‌ಗಳನ್ನು ನಾನು ಎಸೆಯಲಿಲ್ಲ. ಅವಕ್ಕೆ ಹೊಸ ರಬ್ಬರ್ ಪಟ್ಟಿಯೊಂದನ್ನು ಪೋಣಿಸಿ, ಆಪತ್ತಿಗಿರಲೆಂದು ಡೈವಿಂಗ್ ಚೀಲದ ಪಕ್ಕದ ಜೇಬಿನಲ್ಲಿ ಎಳೆತವಿಲ್ಲದಂತೆ ಮಡಿಸದೆ ಇಟ್ಟಿದ್ದೇನೆ.