ಎಂಬಿಎ ತರಗತಿಗೆ ಮೈಂಡ್‌ಫುಲ್‌ನೆಸ್: ಎಂಟು ವಾರದ ಕೋರ್ಸೋ, ಪಾಠದ ನಡುವಿನ ಹತ್ತು ನಿಮಿಷವೋ?

ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣವನ್ನು ಇದ್ದಂತೆಯೇ ಗಮನಿಸುವ ಧ್ಯಾನ, ಕಲಿಸಲು ಹೊರಟಿದ್ದರೆ ಮುಖ್ಯವಾಗಿ ಎರಡು ದಾರಿ.

ಒಂದು ಎಂಬಿಎಸ್‌ಆರ್, ಅಂದರೆ ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ಇಳಿಸುವ ಕೋರ್ಸ್. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗಾಗಿ ಶುರುಮಾಡಿದ ಕ್ರಮ. 8 ವಾರ, ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ, ಜೊತೆಗೆ ಒಂದು ದಿನದ ಮೌನ. ಆಳ ಬೇಕೆನ್ನುವವರಿಗೆ ಇದೇ ಸರಿ. ಆದರೆ ತರಬೇತಾದ ಶಿಕ್ಷಕರು ಬೇಕು. ಪರೀಕ್ಷೆ, ಸಂದರ್ಶನಗಳು ಹತ್ತಿರವಾದಾಗ ಮನೆಯ ಅಭ್ಯಾಸವೇ ಮೊದಲು ತಪ್ಪುತ್ತದೆ.

ಇನ್ನೊಂದು, ಮಾಮೂಲಿ ಪಾಠದೊಳಗೇ ಹತ್ತು ನಿಮಿಷ. ಚೌಕಾಸಿ ಕಲಿಸುವ ತರಗತಿಯನ್ನೇ ನೋಡಿ. ಎದುರಿನವನು ತೀರಾ ಕಡಿಮೆ ಬೆಲೆ ಹೇಳಿದ ಕೂಡಲೇ ವಿದ್ಯಾರ್ಥಿಯ ದವಡೆ ಬಿಗಿಯುತ್ತದೆ, ಉಸಿರು ಮೇಲೇರುತ್ತದೆ, ಖಾರದ ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ. ಅಲ್ಲೇ ನಿಲ್ಲಿಸಿ, ಮೂರು ಉಸಿರು ಗಮನಿಸಿ ಆಮೇಲೆ ಮಾತಾಡಿ ಎನ್ನಬಹುದು. ನಾಳಿನ ಮ್ಯಾನೇಜರ್‌ಗೆ ಬೇಕಾದದ್ದು ಈ ಪುಟ್ಟ ಬಿಡುವೇ. ನನ್ನ ಒಲವು ಇದಕ್ಕೇ, ಆಳ ಕಡಿಮೆಯಾದರೂ.

ಯಾವುದನ್ನು ಆರಿಸಿದರೂ ಕಡ್ಡಾಯ ಮಾಡಬೇಡಿ, ಅಂಕ ಇಡಬೇಡಿ. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಹಳೆಯ ನೋವು ಎದ್ದು ಬರುವುದುಂಟು. ಅಂಥವರು ಕಣ್ಣು ತೆರೆದೇ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಲಿ.