ಮೌಸ್ ಬೇಕು, ಆದರೆ ಸದಾ ಬೇಡ: ಕಮಾಂಡ್ ಲೈನ್‌ನಲ್ಲಿ ಸಾಲು ತಿದ್ದುವ ನಾಲ್ಕು ದಾರಿಗಳು

ಟರ್ಮಿನಲ್ಲಿನಲ್ಲಿ ಓಡುವ ಟೂಲಿನಲ್ಲಿ, ಹೊಡೆಯುತ್ತಿರುವ ಸಾಲನ್ನು ಬಾಣದ ಕೀಯಿಂದಲೋ ಮೌಸಿನಿಂದಲೋ ತಿದ್ದುವ ಸೌಲಭ್ಯ ಕೊಡಲು ಯಾವುದನ್ನು ಬಳಸಬೇಕು? ಮೊದಲೇ ಹೇಳಿಬಿಡುತ್ತೇನೆ: ಟೂಲ್ ಪೈಥಾನಿನದಾದರೆ ನನ್ನ ಓಟು ಪ್ರಾಂಪ್ಟ್ ಟೂಲ್‌ಕಿಟ್ ಎಂಬ ಲೈಬ್ರರಿಗೆ. ಅದರ ಮೌಸ್ ಸೌಲಭ್ಯವನ್ನು ಮಾತ್ರ ಯಾವಾಗಲೂ ಆನ್ ಇಡಬಾರದು, ಒಂದು ಕೀಗೆ ಕಟ್ಟಿಡಬೇಕು. ಸಿ ಭಾಷೆಯದಾದರೆ ರೀಡ್‌ಲೈನ್ ಲೈಬ್ರರಿ. ಟೂಲಿನ ಸೋರ್ಸ್ ಕೋಡ್ ಕೈಲಿಲ್ಲದಿದ್ದರೆ ಆರ್‌ಎಲ್‌ರ್ಯಾಪ್ (rlwrap) ಎಂಬ ಪ್ರೋಗ್ರಾಮ್. ಇಷ್ಟಕ್ಕೇ ತೃಪ್ತಿ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ತೊಡಕೆಲ್ಲ ಇರುವುದು ಮುಂದೆ.

ಆರ್‌ಎಲ್‌ರ್ಯಾಪ್‌ನ ಅನುಕೂಲವೆಂದರೆ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಬೇಕಿಲ್ಲ. ಎಡಬಾಣ ಒತ್ತಿದರೆ ^[[ ಚಿಹ್ನೆಯ ನಂತರ ದೊಡ್ಡ 'ಡಿ' ಮೂಡುವ ಹಳೇ ಟೂಲಿನ ಮುಂದೆ ಆರ್‌ಎಲ್‌ರ್ಯಾಪ್ ಎಂದು ಬರೆದು ಓಡಿಸಿದರೆ ಬಾಣದ ಕೀ, ಹಿಸ್ಟರಿ (ಹಿಂದೆ ಹೊಡೆದ ಸಾಲುಗಳು), ಕಂಟ್ರೋಲ್-ಆರ್ ಹುಡುಕಾಟ ಎಲ್ಲವೂ ಬರುತ್ತವೆ. ಹೈಫನ್-ಸಿ ಕೊಟ್ಟರೆ ಕಡತದ ಹೆಸರು ಟ್ಯಾಬ್‌ನಿಂದ ಪೂರ್ತಿಯಾಗುತ್ತದೆ. ಹೈಫನ್-ಎಫ್ ಕೊಟ್ಟು ನಮ್ಮದೇ ಪದಗಳ ಪಟ್ಟಿಯ ಕಡತ ತೋರಿಸಿದರೆ ಆ ಪದಗಳೂ ಹಾಗೆಯೇ. ಆದರೆ ಅದು ಹೊರಗೆ ನಿಂತಿರುವ ಹೊದಿಕೆ. ಒಳಗೆ ಯಾವ ವೇರಿಯಬಲ್ ಇದೆ, ಯಾವ ಟೇಬಲ್ ತೆರೆದಿದೆ ಎಂಬುದು ಅದಕ್ಕೆ ಕಾಣದು. ಮೌಸ್ ಅಂತೂ ಇಲ್ಲ.

ರೀಡ್‌ಲೈನ್‌ನಲ್ಲೂ ಮೌಸ್ ಇಲ್ಲ. ಕೀಬೋರ್ಡಿನ ಮಟ್ಟಿಗೆ ಅದನ್ನು ಮೀರಿಸುವುದು ಕಷ್ಟ, ಏಕೆಂದರೆ ಬ್ಯಾಶ್ ಶೆಲ್‌ನಲ್ಲಿ ಕೂತ ಬೆರಳಿನ ಅಭ್ಯಾಸವೇ ಇಲ್ಲೂ ನಡೆಯುತ್ತದೆ, ಯಾವ ಕೀ ಏನು ಮಾಡಬೇಕೆಂದು ಬಳಕೆದಾರರು ಬರೆದಿಟ್ಟ ಇನ್‌ಪುಟ್‌ಆರ್‌ಸಿ ಕಡತವೂ ತಾನಾಗಿ ಲಾಗೂ ಆಗುತ್ತದೆ. ಆ ಕಡತದಲ್ಲಿ ಮೇಲುಬಾಣವನ್ನು ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್‌ಗೆ ಕಟ್ಟಿದ್ದರೆ, ಎರಡಕ್ಷರ ಹೊಡೆದು ಬಾಣ ಒತ್ತಿದಾಗ ಆ ಎರಡಕ್ಷರದಿಂದ ಶುರುವಾದ ಹಳೇ ಸಾಲುಗಳು ಮಾತ್ರ ಬರುತ್ತವೆ. ಇದೊಂದು ಇದ್ದರೆ ಅರ್ಧ ಕೆಲಸ ಹಗುರ. 8.1ನೇ ಆವೃತ್ತಿಯಿಂದ ಬ್ರಾಕೆಟೆಡ್ ಪೇಸ್ಟ್ (ಅಂಟಿಸಿದ್ದನ್ನು ಟೈಪ್ ಮಾಡಿದ್ದರಿಂದ ಬೇರೆಯಾಗಿ ಗುರುತಿಸುವ ಸೌಲಭ್ಯ) ಕೂಡ ತಾನಾಗಿಯೇ ಆನ್ ಇರುವುದರಿಂದ, ನಾಲ್ಕು ಸಾಲು ಅಂಟಿಸಿದ ಕೂಡಲೇ ಮೊದಲ ಮೂರು ಓಡಿಹೋಗುವ ಅನಾಹುತ ತಪ್ಪಿದೆ.

ರೀಡ್‌ಲೈನ್ ಎಡವುವುದು ಬಣ್ಣದ ಪ್ರಾಂಪ್ಟಿನಲ್ಲಿ, ಅಂದರೆ ಟೈಪ್ ಮಾಡುವ ಸಾಲಿನ ಆರಂಭದಲ್ಲಿ ಮೂಡುವ ಸೂಚನೆಯಲ್ಲಿ. ಕೆಂಪು ಬಣ್ಣದ ಎಸ್ಕೇಪ್ ಕೋಡಿಗೆ (ಪರದೆ ಮೇಲೆ ಮೂಡದೆ ಟರ್ಮಿನಲ್ಲಿಗೆ ಹೋಗುವ ಆದೇಶ) 5 ಬೈಟ್, ಬಣ್ಣ ತೆಗೆಯುವುದಕ್ಕೆ 4. ಪರದೆ ಮೇಲೆ ಇವು ಒಂದು ಕಾಲಮ್ಮನ್ನೂ ತಿನ್ನುವುದಿಲ್ಲ, ಆದರೆ ರೀಡ್‌ಲೈನ್ ಒಂಬತ್ತನ್ನೂ ಎಣಿಸಿಬಿಡುತ್ತದೆ. ಸಣ್ಣ ಸಾಲಿನಲ್ಲಿ ಏನೂ ಗೊತ್ತಾಗದು. ಸಾಲು ಪರದೆಯ ಅಂಚು ಮುಟ್ಟಿದಾಗ ಒಂಬತ್ತು ಕಾಲಮ್ ಮೊದಲೇ ಮಡಚಿ ಕರ್ಸರ್ ಎಲ್ಲೋ ಹೋಗಿ ಕೂರುತ್ತದೆ. ಹಿಸ್ಟರಿಯಲ್ಲಿ ಮೇಲೆ ಕೆಳಗೆ ಹೋದರೆ ಹಳೇ ಸಾಲಿನ ಚೂರುಗಳು ಅಲ್ಲೇ ಉಳಿಯುತ್ತವೆ. ಪರಿಹಾರ: ಪ್ರತಿ ಬಣ್ಣದ ಕೋಡಿನ ಮೊದಲು ಬೈಟ್ 1, ನಂತರ ಬೈಟ್ 2 ಹಾಕುವುದು; ನಡುವಿನದನ್ನು ಎಣಿಸಬೇಡ ಎಂಬ ಗುರುತು ಅದು. ಬ್ಯಾಶ್ ಪ್ರಾಂಪ್ಟಿನಲ್ಲಿ ಬರೆಯುವ \[ ಮತ್ತು \] ಮಾಡುವ ಕೆಲಸವೂ ಇದೇ. ಇನ್ನೊಂದು ಮಾತು, ರೀಡ್‌ಲೈನ್‌ನ ಲೈಸೆನ್ಸ್ ಜಿಪಿಎಲ್ 3. ಮುಚ್ಚಿದ ಸೋರ್ಸಿನ ಪ್ರೋಗ್ರಾಮಿಗೆ ಲಿಂಕ್ ಮಾಡಿ ಹಂಚುವ ಹಾಗಿಲ್ಲ.

ಆಗ ಕೈಗೆ ಸಿಗುವುದು, ಆ ಕಟ್ಟುಪಾಡಿಲ್ಲದ ಬಿಎಸ್‌ಡಿ ಲೈಸೆನ್ಸಿನ ಲಿಬ್‌ಎಡಿಟ್ ಲೈಬ್ರರಿ. ರೀಡ್‌ಲೈನ್‌ನಂತೆಯೇ ನಟಿಸುತ್ತದೆ, ಪೂರ್ತಿ ಅಲ್ಲ: ಬೈಂಡಿಂಗ್ (ಕೀಗೆ ಕೆಲಸ ಕಟ್ಟುವುದು) ಬರೆಯುವ ರೀತಿಯೇ ಬೇರೆ, ಓದುವ ಕಡತವೂ ಬೇರೆ. ಪೈಥಾನ್ 3.13ರಿಂದ ರೀಡ್‌ಲೈನ್ ಮಾಡ್ಯೂಲಿನ ಬ್ಯಾಕೆಂಡ್ ಎಂಬ ಹೆಸರು ನೋಡಿದರೆ ಒಳಗಿರುವುದು ಈ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ. ಒಂದು ಯಂತ್ರದಲ್ಲಿ ಟ್ಯಾಬ್ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದಿದ್ದರೆ ಮೊದಲು ಅಲ್ಲಿ ನೋಡಿ.

ಇನ್ನು ಪ್ರಾಂಪ್ಟ್ ಟೂಲ್‌ಕಿಟ್. ಪ್ರಾಂಪ್ಟ್‌ಸೆಷನ್ ಎಂಬ ಅದರ ಆಬ್ಜೆಕ್ಟ್ ಮಾಡುವಾಗ ಮೌಸ್ ಸಪೋರ್ಟ್‌ಗೆ ಟ್ರೂ ಎಂದು ಕೊಟ್ಟರೆ ಕ್ಲಿಕ್ಕಿಸಿದಲ್ಲಿಗೆ ಕರ್ಸರ್ ಬರುತ್ತದೆ, ಎಳೆದರೆ ಆಯ್ಕೆಯಾಗುತ್ತದೆ, ಎರಡು ಸಲ ಕ್ಲಿಕ್ಕಿಸಿದರೆ ಇಡೀ ಪದ ಸಿಗುತ್ತದೆ. ಐದಾರು ಸಾಲಿನ ಕ್ವೆರಿ ತಿದ್ದುವಾಗ ಇದರ ಸುಖವೇ ಬೇರೆ.

ಬೆಲೆ ತೆರುವುದು ಬೇರೆ ಕಡೆ. ಮೌಸ್ ಆನ್ ಆದ ಕ್ಷಣದಿಂದ ಟರ್ಮಿನಲ್ ತನ್ನ ಮೌಸನ್ನು ಪ್ರೋಗ್ರಾಮಿಗೆ ಒಪ್ಪಿಸಿಬಿಡುತ್ತದೆ. ಚಕ್ರ ತಿರುಗಿಸಿದರೆ ಹಿಂದಿನ ಔಟ್‌ಪುಟ್ ಕಾಣುವುದಿಲ್ಲ. ಮೇಲಿನ ಸಾಲನ್ನು ಎಳೆದು ಕಾಪಿ ಮಾಡಲು ಹೋದರೆ ಏನೂ ಆಗುವುದಿಲ್ಲ. ಕಮಾಂಡ್ ಓಡುವಾಗ ಮೌಸ್ ಟರ್ಮಿನಲ್ಲಿಗೆ ವಾಪಸ್ ಸಿಗುತ್ತದೆ ನಿಜ, ಆದರೆ ಮೇಲಕ್ಕೆ ಹೋಗಿ ಹಿಂದಿನ ಫಲಿತಾಂಶದಿಂದ ಒಂದು ಐಡಿ ಎತ್ತಿಕೊಳ್ಳಬೇಕಾಗುವುದು ಪ್ರಾಂಪ್ಟ್ ಕಾಯುತ್ತಿರುವಾಗಲೇ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಶಿಫ್ಟ್ ಹಿಡಿದು ಎಳೆದರೆ ಹಳೇ ರೀತಿ ಆಯ್ಕೆಯಾಗುತ್ತದೆ, ಮ್ಯಾಕ್‌ನ ಐಟರ್ಮ್2 ಟರ್ಮಿನಲ್ಲಿನಲ್ಲಿ ಆಪ್ಷನ್ ಕೀ. ಇದನ್ನು ಪ್ರತಿ ಬಳಕೆದಾರನಿಗೂ ಹೇಳಿಕೊಡುತ್ತಾ ಕೂರುವುದು ಯಾರಿಗೆ ಬೇಕು? ಇನ್ನು ಪ್ರಾಂಪ್ಟಿನೊಳಗೆ ಕಂಟ್ರೋಲ್-ಡಬ್ಲ್ಯೂ ಒತ್ತಿ ಕತ್ತರಿಸಿದ್ದು ಹೋಗುವುದು ಲೈಬ್ರರಿಯ ಸ್ವಂತ ಕ್ಲಿಪ್‌ಬೋರ್ಡಿಗೆ. ಬ್ರೌಸರಿನಲ್ಲಿ ಅಂಟಿಸಲು ಬರಬೇಕಾದರೆ ಪೈಪರ್‌ಕ್ಲಿಪ್ ಕ್ಲಿಪ್‌ಬೋರ್ಡನ್ನು ಬೇರೆಯಾಗಿ ಜೋಡಿಸಬೇಕು.

ಕ್ಲಿಕ್ ಎಲ್ಲಿ ಬಿತ್ತೆಂದು ತಿಳಿಯಲು ಪ್ರಾಂಪ್ಟ್ ಪರದೆಯ ಎಷ್ಟನೇ ಸಾಲಿನಲ್ಲಿದೆ ಎಂಬುದೂ ಬೇಕು. ಅದಕ್ಕಾಗಿ ಲೈಬ್ರರಿ ಟರ್ಮಿನಲ್ಲಿಗೆ ಕರ್ಸರ್ ಸ್ಥಾನ ಕೇಳುವ ಎಸ್ಕೇಪ್ ಕಳಿಸುತ್ತದೆ, ಉತ್ತರ ಕೀಬೋರ್ಡ್ ದಾರಿಯಲ್ಲೇ ವಾಪಸ್ ಬರುತ್ತದೆ. ಉತ್ತರ ಕೊಡದ ಟರ್ಮಿನಲ್ಲಿನಲ್ಲಿ ಸಿಪಿಆರ್ (ಈ ಕರ್ಸರ್ ಸ್ಥಾನದ ಕೋರಿಕೆ) ಇಲ್ಲವೆಂಬ ಎಚ್ಚರಿಕೆ ಮೂಡುತ್ತದೆ, ಕ್ಲಿಕ್‌ಗಳು ವ್ಯರ್ಥವಾಗುತ್ತವೆ. ಪ್ರೋಗ್ರಾಮನ್ನು ಕಿಲ್ ಹೈಫನ್ 9 ಹಾಕಿ ಬಲವಂತವಾಗಿ ಕೊಂದರಂತೂ ಮೌಸ್ ಆನ್ ಆಗಿಯೇ ಉಳಿದು, ಶೆಲ್ ಮೇಲೆ ಮೌಸ್ ಅಲುಗಿದರೂ 35;41;7 ಥರದ ಅಂಕಿಗಳು ಸುರಿಯುತ್ತವೆ. ಅದರಲ್ಲಿ 35 ಎಂದರೆ ಬಟನ್ ಒತ್ತದೆ ಬರೀ ಸರಿದದ್ದು, ಮುಂದಿನವು ಕಾಲಮ್ ಮತ್ತು ಸಾಲು. ಕಣ್ಣು ಮುಚ್ಚಿ ರೀಸೆಟ್ ಎಂದು ಹೊಡೆದು ಎಂಟರ್ ಒತ್ತಿದರೆ ನಿಲ್ಲುತ್ತದೆ.

ಹಾಗಾಗಿ ಮೌಸನ್ನು ಆನ್-ಆಫ್ ಮಾಡಲು ಒಂದು ಕೀ ಇಡುವುದೇ ಸರಿ. ಮೌಸ್ ಸಪೋರ್ಟ್ ಫಾಲ್ಸ್ ಆಗಿಯೇ ಶುರುವಾಗಲಿ. ಕೀ ಬೈಂಡಿಂಗ್‌ನಲ್ಲಿ ಎಫ್6 ಒತ್ತಿದಾಗ ಸೆಷನ್ನಿನ ಅದೇ ಮೌಸ್ ಸಪೋರ್ಟ್ ಬೆಲೆಯನ್ನು (ಟ್ರೂ ಅಥವಾ ಫಾಲ್ಸ್) ತಿರುವಿ. ಮುಂದಿನ ಸಲ ಪ್ರಾಂಪ್ಟ್ ಬರೆಯುವಾಗ ಲೈಬ್ರರಿ ಅದನ್ನು ನೋಡಿ ಟರ್ಮಿನಲ್ಲಿಗೆ ಹೇಳುತ್ತದೆ. ಕೆಳಗಿನ ಟೂಲ್‌ಬಾರಿನಲ್ಲಿ 'ಮೌಸ್: ಆನ್' ಎಂದು ತೋರಿಸದಿದ್ದರೆ ಯಾವ ಸ್ಥಿತಿಯಲ್ಲಿದ್ದೀರೆಂದು ನಿಮಗೇ ಮರೆಯುತ್ತದೆ. ಜೊತೆಗೆ ಓಪನ್ ಇನ್ ಎಡಿಟರ್ ಆಯ್ಕೆಯನ್ನೂ ಕೊಡಿ. ಉದ್ದದ ಸಾಲಿಗೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿದರೆ ಪೂರ್ತಿ ಎಡಿಟರೇ ತೆರೆಯುತ್ತದೆ, ಮೌಸ್ ನೆನಪೇ ಆಗದು.

ಲೈಬ್ರರಿಯೇ ಬೇಡವೆಂದರೆ ಕೆಲವು ಟರ್ಮಿನಲ್‌ಗಳಲ್ಲಿ ಆಪ್ಷನ್ ಕೀ ಹಿಡಿದು ಕ್ಲಿಕ್ಕಿಸುವ ದಾರಿ ಇದೆ. ಕರ್ಸರಿನಿಂದ ಕ್ಲಿಕ್ಕಿಗೆ ಎಷ್ಟು ಕಾಲಮ್ ದೂರವೋ ಅಷ್ಟು ಬಾಣದ ಕೀಗಳನ್ನು ಟರ್ಮಿನಲ್ಲೇ ಕಳಿಸುವ ಉಪಾಯ. ರೀಡ್‌ಲೈನ್ ಜೊತೆ ಚೆನ್ನಾಗಿ ಹೊಂದುತ್ತದೆ, ಇಂಗ್ಲಿಷ್ ಅಕ್ಷರ ಇರುವ ತನಕ. 'ಕ್ಷ' ನೋಡಲು ಒಂದಕ್ಷರ, ಒಳಗೆ ಮೂರು ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ), ಯುಟಿಎಫ್-8ರಲ್ಲಿ 9 ಬೈಟ್. ಅದಕ್ಕೆ ಎಷ್ಟು ಕಾಲಮ್ ಎಂಬುದರಲ್ಲಿ ಟರ್ಮಿನಲ್ ಒಂದು ಲೆಕ್ಕ, ಲೈಬ್ರರಿ ಇನ್ನೊಂದು ಲೆಕ್ಕ ಹಿಡಿದರೆ ಕರ್ಸರ್ ಪಕ್ಕದ ಪದಕ್ಕೆ ಹಾರುತ್ತದೆ.

ದಿನವಿಡೀ ಕೀಬೋರ್ಡ್ ಮೇಲೇ ಇರುವ ಕೈ ನನ್ನದು, ಎಫ್6 ಒತ್ತುವುದು ವಾರಕ್ಕೆ ಒಂದೆರಡು ಸಲ. ಹೊಸ ಡಿಪೆಂಡೆನ್ಸಿ (ಹೊರಗಿನ ಲೈಬ್ರರಿ) ಸೇರಿಸಲು ಅನುಮತಿಯೇ ಇಲ್ಲದ ಕಡೆ ಪೈಥಾನಿನದೇ ರೀಡ್‌ಲೈನ್ ಮಾಡ್ಯೂಲ್, ಜೊತೆಗೆ ಬೈಟ್ 1 ಮತ್ತು 2. ಅಷ್ಟರಲ್ಲೇ ಮುಗಿಸುತ್ತೇನೆ.